ಸಿಪಾಯಿ ಮೊದಲು, ಸೂಜಿ ಆಮೇಲೆ

1897ರ ಫೆಬ್ರವರಿ 4ರಂದು ಬ್ರಿಟಿಷ್ ಸರ್ಕಾರ ಜಾರಿಗೆ ತಂದ ಸಾಂಕ್ರಾಮಿಕ ರೋಗಗಳ ಕಾಯಿದೆಯು ಭಾರತದ ಶಾಸನಗಳಲ್ಲಿ ತೀರ ಚಿಕ್ಕವುಗಳ ಸಾಲಿಗೆ ಸೇರುತ್ತದೆ. ಅದರಲ್ಲಿದ್ದುದು ನಾಲ್ಕೇ ಕಲಮುಗಳು. ರೋಗ ಹರಡದಂತೆ ತಡೆಯಲು ಸರ್ಕಾರವು ಅಗತ್ಯವೆಂದು ತನಗೆ ತೋರಿದ ನಿಯಮಗಳನ್ನು ವಿಧಿಸಬಹುದು. ಅವನ್ನು ಮೀರಿದವರು ದಂಡಾರ್ಹರು. ಸದುದ್ದೇಶದಿಂದ ನಡೆದುಕೊಂಡ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಬಾಗಿಲು ಒಡೆಸಿಕೊಂಡ ಮನೆಯವನು ಯಾರ ಬಳಿ ಮೊರೆಯಿಡಬೇಕೆಂಬುದರ ಬಗೆಗೆ ಅದರಲ್ಲಿ ಒಂದಕ್ಷರವೂ ಇಲ್ಲ. ನೂರಿಪ್ಪತ್ತಮೂರು ವರ್ಷಗಳ ತರುವಾಯ, 2020ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಕೊರೊನಾ ನಿಯಮಾವಳಿಯನ್ನು ಹೊರಡಿಸಿದ್ದು ಇದೇ ಕಾಯಿದೆಯ ಬಲದಿಂದ.

ಲಸಿಕೆಗೆ ಹಿಂಜರಿದವರನ್ನು, ಪರೀಕ್ಷೆಗೆ ಬಂದವರನ್ನು ಕಂಡು ಬಾಗಿಲು ಹಾಕಿಕೊಂಡವರನ್ನು, ನಿರ್ಬಂಧಗಳಿಗೆ ಗೊಣಗಿದವರನ್ನು ಅಜ್ಞಾನಿಗಳೆಂದು ಕರೆದು ಮುಗಿಸುವುದು ಆ ಎರಡು ವರ್ಷಗಳಲ್ಲಿ ರೂಢಿಯಾಗಿತ್ತು. ಪ್ಲೇಗಿನ ಕಾಲದ ದಾಖಲೆಗಳೊಡನೆ ಒಡನಾಡಿದವರಿಗೆ ಆ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ. ಜನರ ಶಂಕೆಯು ಔಷಧದಿಂದ ಹುಟ್ಟಿದ್ದೋ, ಔಷಧಕ್ಕಿಂತ ಮುಂಚೆ ಬಂದವರಿಂದ ಹುಟ್ಟಿದ್ದೋ ಎಂಬ ಪ್ರಶ್ನೆಯನ್ನು ಆ ದಾಖಲೆಗಳು ಮುಂದಿಡುತ್ತವೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಪತ್ತೆಯಾಯಿತು. ಅಕ್ಟೋಬರ್ ಕೊನೆಯಲ್ಲಿ ಸಾವಿರದಷ್ಟು ಗಿರಣಿ ಕಾರ್ಮಿಕರು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆ ಏರಿಹೋದರು. ಮುಂದಿನ ವರ್ಷ ಪುಣೆಯಲ್ಲಿ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್ ಎಂಬ ಅಧಿಕಾರಿಯ ಅಧ್ಯಕ್ಷತೆಯಲ್ಲಿ ಪ್ಲೇಗ್ ಸಮಿತಿ ರಚನೆಯಾಗಿ, ಮನೆಗಳ ಶೋಧನೆಗೆ ಗೋರಾ ಸೈನಿಕರನ್ನು ಇಳಿಸಲಾಯಿತು. ರೋಗಿಗಳನ್ನು ಆಸ್ಪತ್ರೆಗೂ, ಅವರ ಮನೆಯವರನ್ನು ಪ್ರತ್ಯೇಕ ಶಿಬಿರಗಳಿಗೂ ಸಾಗಿಸಿದರು. ಕಂಕುಳು, ತೊಡೆಸಂದುಗಳಲ್ಲಿ ಗೆಡ್ಡೆ ಎದ್ದಿದೆಯೇ ಎಂದು ನೋಡುವುದೇ ಆಗಿನ ಪರೀಕ್ಷೆ. ಅದು ಮನೆಯಂಗಳದಲ್ಲಿ, ರೈಲು ನಿಲ್ದಾಣದ ವೇದಿಕೆಯಲ್ಲಿ, ಹತ್ತು ಜನರ ಕಣ್ಣೆದುರು ನಡೆಯುತ್ತಿತ್ತು. ಸತ್ತವರ ದೇಹವನ್ನೂ ಅಧಿಕಾರಿ ನೋಡಿದ ಮೇಲೆಯೇ ಸಂಸ್ಕಾರ. ಜೂನ್ 22ರ ರಾತ್ರಿ ಚಾಪೇಕರ್ ಸೋದರರು ರ‍್ಯಾಂಡನ ಮೇಲೆ ಗುಂಡು ಹಾರಿಸಿದ್ದು, ತಿಲಕರು ರಾಜದ್ರೋಹದ ಆರೋಪದಲ್ಲಿ ಹದಿನೆಂಟು ತಿಂಗಳ ಶಿಕ್ಷೆಗೆ ಗುರಿಯಾದದ್ದು ರಾಷ್ಟ್ರೀಯ ಚಳವಳಿಯ ಚರಿತ್ರೆಯಲ್ಲಿ ಸುಪ್ರಸಿದ್ಧವಾಗಿರುವುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಪ್ರಸಂಗವು ಸಂಶೋಧಕರಿಗೆ ಹೆಚ್ಚು ಮುಖ್ಯವಾದುದು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿ, ಆಮೇಲೆ ಮಹಾರಾಷ್ಟ್ರವನ್ನು ಕರ್ಮಭೂಮಿಯಾಗಿಸಿಕೊಂಡ ಪಂಡಿತಾ ರಮಾಬಾಯಿಯವರು ಪುಣೆಯ ಪ್ಲೇಗ್ ವ್ಯವಸ್ಥೆಯಲ್ಲಿ ಹೆಂಗಸರು ಪಡುತ್ತಿದ್ದ ಪಾಡನ್ನು ಕುರಿತು ಮುಂಬಯಿಯ ಪತ್ರಿಕೆಯೊಂದಕ್ಕೆ ಕಾಗದ ಬರೆದರು. ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲಿದ್ದ ಗೋಪಾಲಕೃಷ್ಣ ಗೋಖಲೆಯವರು ಸೈನಿಕರಿಂದ ಸ್ತ್ರೀಯರ ಮಾನಭಂಗವಾಗಿದೆಯೆಂದು ಅಲ್ಲಿನ ಪತ್ರಿಕೆಗೆ ಹೇಳಿಕೆ ಕೊಟ್ಟರು. ಸರ್ಕಾರ ಸಾಕ್ಷ್ಯ ಕೇಳಿತು. ಗೋಖಲೆಯವರಿಗೆ ಸಾಕ್ಷ್ಯ ಒದಗಿಸಲಾಗಲಿಲ್ಲ. ಸ್ವದೇಶಕ್ಕೆ ಮರಳಿದ ಮೇಲೆ ಅವರು ನಿಶ್ಶರ್ತವಾಗಿ ಕ್ಷಮೆ ಯಾಚಿಸಬೇಕಾಯಿತು. ಸೈನಿಕನೊಬ್ಬ ತನ್ನ ಮೈಮುಟ್ಟಿದನೆಂದು ಹತ್ತೊಂಬತ್ತನೆಯ ಶತಮಾನದ ಕುಲಸ್ತ್ರೀಯೊಬ್ಬಳು ಕಚೇರಿಗೆ ಬಂದು ಹೇಳುವುದು ಸಾಧ್ಯವಿತ್ತೇ ಎಂಬುದನ್ನು ಆ ಕಡತಗಳು ಕೇಳಿಕೊಳ್ಳುವುದೇ ಇಲ್ಲ. ಆರೋಪ ಸಿದ್ಧವಾಗಲಿಲ್ಲ ಎಂಬುದಷ್ಟೇ ಚರಿತ್ರೆಗೆ ಉಳಿದ ವಾಕ್ಯ. ಆಕರಗ್ರಂಥಗಳ ಮೌನವನ್ನು ಘಟನೆಯ ಅಭಾವವೆಂದು ತಿಳಿಯುವ ಅಭ್ಯಾಸ ಸಾಹಿತ್ಯ ಚರಿತ್ರೆಯಲ್ಲೂ ಇಲ್ಲದಿಲ್ಲ.

ದಾಖಲೆಯಲ್ಲಿ ಸ್ಥಾನ ದೊರಕದ ಸಂಕಟ ವದಂತಿಯ ದಾರಿ ಹಿಡಿಯುತ್ತದೆ. ಮುಂಬಯಿಯಲ್ಲಿ 1896ರ ಅಕ್ಟೋಬರಿನಲ್ಲಿ ಯಾರೋ ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಡಾಂಬರು ಬಳಿದಿದ್ದರು. ಆ ಅವಮಾನಕ್ಕೆ ಪ್ರಾಯಶ್ಚಿತ್ತವಾಗಿ ರಾಣಿಯು ಪ್ಲೇಗ್ ರೋಗಿಗಳ ಅಂಗಗಳನ್ನು ಕೇಳಿದ್ದಾಳೆ, ಆಸ್ಪತ್ರೆಗೆ ಒಯ್ಯುವುದೇ ಅದಕ್ಕಾಗಿ, ಎಂಬ ಸುದ್ದಿ ಹಬ್ಬಿತು. ರೋಗಿಗಳ ದೇಹದಿಂದ ಎಣ್ಣೆ ಇಳಿಸಿ ಔಷಧ ಮಾಡುತ್ತಾರೆಂಬುದು ಇನ್ನೊಂದು. ಇವು ಸುಳ್ಳೆಂದು ಹೇಳಲು ವಿದ್ವತ್ತೇನೂ ಬೇಕಿಲ್ಲ. ಆದರೆ ಇತಿಹಾಸಕಾರ ಡೇವಿಡ್ ಅರ್ನಾಲ್ಡ್ ಇಂಥ ವದಂತಿಗಳನ್ನು ಸುಳ್ಳೆಂದು ಎಸೆಯದೆ ಆಕರವಾಗಿ ಓದಿದರು. ಆಸ್ಪತ್ರೆಗೆ ಹೋದ ಬಹುಮಂದಿ ತಿರುಗಿ ಬರುತ್ತಿರಲಿಲ್ಲ ಎಂಬುದು ಆ ಸುಳ್ಳಿನೊಳಗಿನ ಸತ್ಯ. ಆಳುವವರು ಆಳಿಸಿಕೊಳ್ಳುವವರ ದೇಹವನ್ನು ಏನೆಂದು ಎಣಿಸಿದ್ದಾರೆ ಎಂಬ ಜನತೆಯ ತರ್ಕವೂ ಅದರಲ್ಲಿದೆ. ಜನಪದ ಕಥನಗಳನ್ನು ಓದಿ ಬಲ್ಲವರಿಗೆ ಈ ವಿಧಾನ ಹೊಸದೇನಲ್ಲ.

ಇಷ್ಟಾದರೂ ಜನರು ಪ್ರತ್ಯೇಕವಾಸವನ್ನೇ ವಿರೋಧಿಸಿದರೆನ್ನುವುದು ಸರಿಯಲ್ಲ. ಮನೆಯಲ್ಲಿ ಇಲಿ ಬಿದ್ದರೆ ಊರು ತೊರೆದು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು, ಬೇನೆ ಇಳಿಯುವವರೆಗೆ ಅಲ್ಲೇ ಇರುವುದು ಕನ್ನಡ ನಾಡಿನ ಹಳ್ಳಿಗಳಲ್ಲಿ ದಶಕಗಳ ಕಾಲ ನಡೆದುಬಂದ ಪದ್ಧತಿ. ಇಲಿಯ ಮೇಲಿನ ಚಿಗಟದಿಂದ ಪ್ಲೇಗು ಹರಡುತ್ತದೆಂದು ಪೌಲ್ ಲೂಯಿ ಸಿಮೊಂದ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿಕೊಟ್ಟದ್ದು 1898ರಲ್ಲಿ. ಆ ಮಾತನ್ನು ವಿದ್ವಾಂಸರು ಹಲವು ವರ್ಷ ನಂಬಲೇ ಇಲ್ಲ. ಅಷ್ಟರಲ್ಲಿ ಸರ್ಕಾರಿ ತಂಡಗಳು ನೆಲ ಅಗೆದು, ಗೋಡೆಗೆ ಸುಣ್ಣ ಬಳಿದು, ಬಿಸಿಲು ಬೀಳಲೆಂದು ಮಾಡಿನ ಹೆಂಚು ತೆಗೆಸಿ, ಹಾಸಿಗೆ ಬಟ್ಟೆಗಳನ್ನು ಸುಟ್ಟಿದ್ದವು. ಚಿಗಟದ ವಿಷಯ ತಿಳಿದ ಮೇಲೆ ಹಿಂದಿರುಗಿ ನೋಡಿದರೆ ಇವುಗಳಲ್ಲಿ ಬಹುಪಾಲು ನಿಷ್ಫಲ. ಇಲಿ ಬಿದ್ದ ಮನೆಯನ್ನು ಬಿಟ್ಟು ನಡೆದವನ ಹೆಜ್ಜೆಯೇ ಸರಿಯಾದುದು. ತಾನಾಗಿ ಹೋಗುವುದಕ್ಕೂ ಹಿಡಿದು ಒಯ್ಯುವುದಕ್ಕೂ ಇರುವ ಅಂತರವನ್ನು ಪ್ಲೇಗ್ ಸಮಿತಿಗಳು ಅರಿಯಲಿಲ್ಲ. ಇಲಿಗಳ ಸಂಬಂಧ ಖಚಿತವಾದ ಬಳಿಕ ಅವುಗಳನ್ನು ಕೊಲ್ಲುವ ಆಂದೋಲನ ಶುರುವಾದಾಗ ಜೈನರೂ ಅನೇಕ ವೈಷ್ಣವರೂ ಸಹಕರಿಸಲಿಲ್ಲವೆಂದು ಅಧಿಕಾರಿಗಳು ದೂರಿದರು. ಆ ದೂರು ನಿರಾಧಾರವಲ್ಲ. ಅಹಿಂಸಾವ್ರತಕ್ಕೂ ಊರಿನ ಆರೋಗ್ಯಕ್ಕೂ ಅಲ್ಲಿ ನಿಜವಾದ ಘರ್ಷಣೆಯಿತ್ತು. ಅದನ್ನು ಮೌಢ್ಯವೆಂದು ಹಳಿಯುವುದಾಗಲಿ, ಹಿರಿಮೆಯೆಂದು ಹಾಡುವುದಾಗಲಿ ಆ ಘರ್ಷಣೆಯ ತೊಡಕನ್ನು ಬಿಡಿಸುವುದಿಲ್ಲ.

ಇನ್ನು ಸೂಜಿಯ ವಿಷಯ. ಒಡೆಸ್ಸಾ ನಗರದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಮೂರೇ ತಿಂಗಳಲ್ಲಿ ಪ್ಲೇಗ್ ಲಸಿಕೆಯನ್ನು ಸಿದ್ಧಗೊಳಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡನು. ಆಮೇಲೆ ಬೈಕಲಾ ಜೈಲಿನ ಕೈದಿಗಳಲ್ಲಿ ಒಪ್ಪಿದವರಿಗೆ ಹಾಕಿದ್ದಾಯಿತು. ಜೈಲಿನೊಳಗಿನ ಒಪ್ಪಿಗೆಗೆ ಎಷ್ಟು ಬೆಲೆಯೆಂಬುದು ಬೇರೆ ಮಾತು. ಸೂಕ್ಷ್ಮಾಣುಗಳನ್ನು ಬೆಳೆಸಲು ಅವನು ದನ, ಹಂದಿಗಳ ಮಾಂಸವನ್ನು ಬಿಟ್ಟು ಆಡಿನ ಮಾಂಸದ ಸಾರನ್ನು ಆರಿಸಿಕೊಂಡದ್ದು ಹಿಂದೂ ಮುಸಲ್ಮಾನರಿಬ್ಬರ ಮನಸ್ಸನ್ನೂ ನೋಯಿಸಬಾರದೆಂದು. ಆ ಸಾರಿನ ಮೇಲೆ ತೇಲಿಬಿಟ್ಟ ತುಪ್ಪದ ಹನಿಗಳಿಂದ ಪ್ಲೇಗಿನ ಜೀವಾಣುಗಳು ಆಲದ ಬಿಳಲುಗಳಂತೆ ಕೆಳಕ್ಕೆ ಇಳಿಯುತ್ತಿದ್ದವು. ಆಡಿನ ಸಾರು ಶುದ್ಧ ಶಾಕಾಹಾರಿಗಳಿಗೆ ಸಮಾಧಾನ ನೀಡುವಂಥದಲ್ಲ, ನಿಜ. ಆದರೂ ಚುಚ್ಚಿಸಿಕೊಳ್ಳುವವನಿಗೆ ಮನಸ್ಸೊಂದು ಇದೆಯೆಂದು ಪ್ರಯೋಗಶಾಲೆಯಲ್ಲೇ ನೆನೆದುಕೊಂಡವರು ಆ ಕಾಲದಲ್ಲಿ ವಿರಳ.

1898ರಲ್ಲಿ ಹುಬ್ಬಳ್ಳಿಗೆ ಪ್ಲೇಗು ಬಂದಾಗ ಲ್ಯೂಮನ್ ಎಂಬ ವೈದ್ಯನ ಮೇಲ್ವಿಚಾರಣೆಯಲ್ಲಿ ಕೆಲವೇ ತಿಂಗಳಲ್ಲಿ 30,000ಕ್ಕೂ ಮಿಕ್ಕ ಜನ ಈ ಲಸಿಕೆ ಹಾಕಿಸಿಕೊಂಡರು. ಇಡೀ ದೇಶದಲ್ಲಿ ಅಷ್ಟು ದೊಡ್ಡ ಪ್ರಮಾಣದ ಪ್ರಯತ್ನ ಅದಕ್ಕೆ ಮುಂಚೆ ನಡೆದಿರಲಿಲ್ಲ. ಚುಚ್ಚಿದ ಮೇಲೆ ಜ್ವರ, ತೋಳು ನೋವು ಖಚಿತ. ಮುಂಬಯಿಯ ವದಂತಿಗಳು ರೈಲಿನಲ್ಲಿ ಹುಬ್ಬಳ್ಳಿಗೂ ಬಂದಿರಲೇಬೇಕು. ಆದರೂ ಜನ ಬಂದರು. ಭಾರತೀಯರು ಸೂಜಿಗೆ ಹೆದರುವ ಜನಾಂಗವೆಂಬ ಅಂದಿನ ಅಧಿಕಾರಿಗಳ ಸಿದ್ಧಾಂತಕ್ಕೆ ಹುಬ್ಬಳ್ಳಿಯೇ ಉತ್ತರ. ಇದಕ್ಕೆ ಸಾವಿನ ಭಯವೂ ಕಾರಣ, ಮುಂಬಯಿ ಪ್ರಾಂತದಲ್ಲಿ ಚುಚ್ಚಿಸಿಕೊಂಡವರಿಗೆ ಚೀಟಿ ಕೊಟ್ಟು ಪ್ರತ್ಯೇಕವಾಸದ ಕೆಲವು ನಿರ್ಬಂಧಗಳಿಂದ ವಿನಾಯಿತಿ ನೀಡಿದ್ದೂ ಕಾರಣ. ಪೂರ್ಣ ಸ್ವೇಚ್ಛೆಯೆಂದು ಇದನ್ನು ಬಣ್ಣಿಸುವುದು ಅತಿಶಯೋಕ್ತಿಯಾದೀತು. ಲಸಿಕೆಯು ರೋಗವನ್ನೂ ಸಾವನ್ನೂ ತಗ್ಗಿಸುತ್ತದೆ, ಸಂಪೂರ್ಣ ರಕ್ಷಣೆ ಕೊಡುವುದಿಲ್ಲ ಎಂದು ಭಾರತೀಯ ಪ್ಲೇಗ್ ಆಯೋಗವು ತೀರ್ಮಾನಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಪ್ಲೇಗು ಬೆಂಗಳೂರಿಗೆ ತಲುಪಿತು. ಅಲ್ಲಿ ಇಂದಿಗೂ ಪೂಜೆಗೊಳ್ಳುತ್ತಿರುವ ಪ್ಲೇಗ್ ಮಾರಮ್ಮನ ಗುಡಿಗಳೂ, ಆ ದಿನಗಳ ಬಳಿಕ ತಲೆಯೆತ್ತಿದ ಬಸವನಗುಡಿ ಮಲ್ಲೇಶ್ವರಗಳೂ ಒಂದೇ ಭಯಕ್ಕೆ ದೊರೆತ ಎರಡು ಉತ್ತರಗಳು.

ಹೀಗೆ ಗಳಿಸಿದ ವಿಶ್ವಾಸ ಒಂದೇ ದಿನದಲ್ಲಿ ಕುಸಿಯಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಬಾಟಲಿಯ ಮದ್ದು ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ವಿಚಾರಣೆಯು ಮೊದಲು ಹಾಫ್ಕಿನ್‌ನ ಪ್ರಯೋಗಶಾಲೆಯನ್ನು ದೂಷಿಸಿತು. ಬಾಟಲಿ ತೆರೆದ ಸ್ಥಳದಲ್ಲೇ ಕಲುಷಿತವಾಗಿತ್ತೆಂಬ ವಾದಕ್ಕೆ ಮನ್ನಣೆ ಸಿಕ್ಕಿ, ರೊನಾಲ್ಡ್ ರಾಸ್ ಮೊದಲಾದವರು ಅವನ ಪರವಾಗಿ ಬರೆದು, ಅವನು ದೋಷಮುಕ್ತನಾಗುವಷ್ಟರಲ್ಲಿ 1907 ಬಂದಿತ್ತು. ವಿಜ್ಞಾನಿಯೊಬ್ಬನಿಗೆ ಆದ ಅನ್ಯಾಯದ ಕಥೆಯಾಗಿ ಇದನ್ನು ಮತ್ತೆ ಮತ್ತೆ ಬರೆಯಲಾಗಿದೆ. ಆ ಹತ್ತೊಂಬತ್ತು ಮನೆಗಳ ಕಥೆ ಮಾತ್ರ ಅಡಿಟಿಪ್ಪಣಿಯಲ್ಲೇ ಉಳಿದಿದೆ. ಲಸಿಕೆಯಿಂದ ಉಳಿದ ಜೀವಗಳು ಲೆಕ್ಕಕ್ಕೆ ಸಿಗುತ್ತವೆ, ಕಣ್ಣಿಗೆ ಕಾಣುವುದಿಲ್ಲ, ಸತ್ತವರು ನೆರೆಮನೆಯವರಾಗಿರುತ್ತಾರೆ. ಜನರ ಆತಂಕವನ್ನು ಅಂಕಿಗಳಿಂದಷ್ಟೇ ಎದುರಿಸಿ ಗೆದ್ದವರು ಇಲ್ಲದಿರುವುದು ಇದರಿಂದಲೇ.

ಕನ್ನಡ ಸಾಹಿತ್ಯದಲ್ಲಿ ಪ್ಲೇಗು ಎಂದೊಡನೆ ನೆನಪಾಗುವುದು 1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ‘ಸಂಸ್ಕಾರ’. ದೂರ್ವಾಸಪುರದ ಅಗ್ರಹಾರದವರು ನಾರಣಪ್ಪನ ಶವವನ್ನು ಯಾರು ಮುಟ್ಟಬೇಕೆಂಬ ಧರ್ಮಸೂಕ್ಷ್ಮದಲ್ಲಿ ಮುಳುಗಿರುವಾಗ ಇಲಿಗಳು ಸಾಯುತ್ತಿರುತ್ತವೆ. ಕಡೆಗೆ ಚಂದ್ರಿಯು ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ದಹನ ಮಾಡಿಸುತ್ತಾಳೆ. 2021ರ ಬೇಸಗೆಯಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಿದ್ದಾಗ, ಮಕ್ಕಳಿಗೂ ಮುಟ್ಟಲಾಗದ ದೇಹಗಳನ್ನು ಬೇರೆ ಬೇರೆ ಮತಗಳ ಸ್ವಯಂಸೇವಕರು ಹೊತ್ತರು. ನಿರ್ಬಂಧಗಳ ಪೈಕಿ ಜನರನ್ನು ಅತ್ಯಂತ ಆಳವಾಗಿ ಇರಿದದ್ದು ಲಸಿಕೆಯೂ ಅಲ್ಲ, ಮುಖಗವಸೂ ಅಲ್ಲ. ಕೊನೆಯ ಬಾರಿ ಮುಖ ನೋಡಲಾಗದೆ ಹೋದದ್ದು.

ಕೊರೊನಾ ಕಾಲದಲ್ಲೂ ಮೊದಲು ಬಂದದ್ದು ತಡೆಗೋಡೆ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿಯನ್ನು ಕರ್ನಾಟಕ ಮುಚ್ಚಿತು. ಕೇರಳದಿಂದ ಬರುವ ಹಾದಿಗಳಿಗೆ ಮಣ್ಣು ಸುರಿಯಲಾಯಿತು. ಮಂಜೇಶ್ವರ, ಕಾಸರಗೋಡಿನ ಜನರಿಗೆ, ಅವರಲ್ಲಿ ಅಸಂಖ್ಯ ಕನ್ನಡಿಗರಿಗೆ, ಮಂಗಳೂರೇ ಆಸ್ಪತ್ರೆಯ ಊರು. ಡಯಾಲಿಸಿಸ್, ಹೃದ್ರೋಗ, ಹೆರಿಗೆ ಎಲ್ಲಕ್ಕೂ ಅತ್ತಲೇ ಹೋಗುತ್ತಿದ್ದವರು ಗಡಿಯಲ್ಲಿ ತಡೆಯಲ್ಪಟ್ಟರು. ಚಿಕಿತ್ಸೆ ಸಿಗದೆ ಸತ್ತವರ ಸುದ್ದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆರವಿಗೆ ಆದೇಶಿಸಿ, ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳಿಗೆ ದಾರಿ ಬಿಡುವ ಒಪ್ಪಂದವಾದದ್ದು ಏಪ್ರಿಲ್ 7ರ ಹೊತ್ತಿಗೆ. ಮರುವರ್ಷ ಅದೇ ತಲಪಾಡಿಯಲ್ಲಿ ಆರ್‌ಟಿ-ಪಿಸಿಆರ್ ವರದಿ ತೋರಿಸದವರಿಗೆ ಪ್ರವೇಶವಿಲ್ಲವೆಂಬ ನಿಯಮ ಬಂತು. ದಿನವೂ ಗಡಿ ದಾಟಿ ಕೂಲಿಗೆ, ಕಾಲೇಜಿಗೆ ಹೋಗುವವನು ಆ ವರದಿಯನ್ನು ಎಷ್ಟು ಸಲ ಮಾಡಿಸಬೇಕು, ಯಾರ ಖರ್ಚಿನಲ್ಲಿ ಎಂದು ಕೇಳಿದರೆ ಅವನು ವಿಜ್ಞಾನವಿರೋಧಿಯಾಗುವುದಿಲ್ಲ.

ಲಸಿಕೆಯ ವಿಷಯದಲ್ಲೂ ಸಂದೇಹಕ್ಕೆ ಆಸ್ಪದ ಕೊಟ್ಟವರು ಜನರಷ್ಟೇ ಅಲ್ಲ. 2021ರ ಜನವರಿ 3ರಂದು ಕೊವ್ಯಾಕ್ಸಿನ್‌ಗೆ ಅನುಮತಿ ದೊರೆತಾಗ ಅದರ ಮೂರನೆಯ ಹಂತದ ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ; ಆರಂಭದಲ್ಲಿ ಹಾಕಿಸಿಕೊಂಡವರು ಒಪ್ಪಿಗೆಪತ್ರಕ್ಕೆ ಸಹಿ ಮಾಡಬೇಕಿತ್ತು. ಕೋವಿಶೀಲ್ಡಿನ ಎರಡು ಡೋಸುಗಳ ಅಂತರ ನಾಲ್ಕರಿಂದ ಆರು ವಾರವೆಂದಿದ್ದುದು ಮಾರ್ಚಿಯಲ್ಲಿ ಆರರಿಂದ ಎಂಟಾಗಿ, ಮೇ ತಿಂಗಳಲ್ಲಿ ಹನ್ನೆರಡರಿಂದ ಹದಿನಾರಾಯಿತು. ಬದಲಾವಣೆಗೆ ವೈಜ್ಞಾನಿಕ ಕಾರಣವಿತ್ತು. ಆದರೆ ಲಸಿಕೆಯ ಅಭಾವ ತಲೆದೋರಿದ ಹೊತ್ತಿನಲ್ಲೇ ಅಂತರ ಹಿಗ್ಗಿದ್ದರಿಂದ ಜನ ಎರಡನ್ನೂ ಕೂಡಿಸಿ ನೋಡಿದರು. ಆ ಲಸಿಕೆಗಳು ಅಸಂಖ್ಯ ಪ್ರಾಣಗಳನ್ನು ಉಳಿಸಿದವೆಂಬುದರಲ್ಲಿ ಸಂಶಯವಿಲ್ಲ. ಕಾರಣಗಳನ್ನು ಮುಂಚಿತವಾಗಿ ಬಿಚ್ಚಿಟ್ಟಿದ್ದರೆ ಹಿಂಜರಿದು ಕಾದು ಸತ್ತವರಲ್ಲಿ ಕೆಲವರಾದರೂ ಸಾಲಿನಲ್ಲಿ ನಿಲ್ಲುತ್ತಿದ್ದರು.

1897ರ ಕಾಯಿದೆಗೆ 2020ರಲ್ಲಿ ತಿದ್ದುಪಡಿಯಾಯಿತು. ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರ ಮೇಲಿನ ಹಲ್ಲೆಗೆ ಕಠಿಣ ಶಿಕ್ಷೆ ಸೇರಿತು, ಅದು ಅಗತ್ಯವಾಗಿತ್ತು. ಜನರ ಅಹವಾಲಿಗೆಂದು ಒಂದು ಕಲಮು ಆಗಲೂ ಬರಲಿಲ್ಲ. ಅದು ಬಂದದ್ದು ಬೇರೊಂದು ಬಾಗಿಲಿನಿಂದ. ಡಾಕ್ಟರ್ ಜೇಕಬ್ ಪುಲಿಯೆಲ್ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2022ರ ಮೇ 2ರಂದು ತೀರ್ಪು ಕೊಟ್ಟಿತು. ಸರ್ಕಾರದ ಲಸಿಕಾ ನೀತಿಯನ್ನು ಅದು ಅಸಮಂಜಸವೆನ್ನಲಿಲ್ಲ; ಸಾರ್ವಜನಿಕ ಆರೋಗ್ಯಕ್ಕಾಗಿ ಮಿತವಾದ ನಿರ್ಬಂಧಗಳನ್ನು ಹೇರಬಹುದೆಂದೂ ಒಪ್ಪಿತು. ಆದರೆ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ದೇಹದ ಮೇಲಣ ಹಕ್ಕು ಸಂವಿಧಾನದ 21ನೆಯ ವಿಧಿಯಲ್ಲಿ ಅಡಕವಾಗಿದೆ ಎಂದಿತು. ಲಸಿಕೆಯ ಅನಂತರ ಉಂಟಾದ ತೊಂದರೆಗಳನ್ನು ಜನರೂ ಖಾಸಗಿ ವೈದ್ಯರೂ ತಾವೇ ದಾಖಲಿಸಲು, ಹೆಸರು ಗುಟ್ಟಾಗಿಟ್ಟು ಆ ದಾಖಲೆಗಳನ್ನು ಎಲ್ಲರೂ ಓದಲು ಅವಕಾಶವಿರಬೇಕೆಂದು ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿತು.