ಅಚ್ಚಿನ ಮೊಳೆಯೂ ಸತ್ಯಾಣುವ್ರತವೂ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನಕ್ಕೆ ಕನ್ನಡ ನಾಡಿನಲ್ಲಿ ದೀರ್ಘವಾದ ಇತಿಹಾಸವಿದೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ನಮ್ಮ ಮನೆಗಳ ಮಕ್ಕಳಿಗೂ ತಿಳಿದಿದೆ. ಆ ಕಾಲದಲ್ಲಿ ಒಬ್ಬ ಲಿಪಿಕಾರನ ಕೈತಪ್ಪು ಅವನು ಬರೆದ ಒಂದು ಪ್ರತಿಯಲ್ಲಿಯೂ ಅದನ್ನು ನೋಡಿ ಬರೆದ ಕೆಲವು ಪ್ರತಿಗಳಲ್ಲಿಯೂ ಉಳಿಯುತ್ತಿತ್ತು. ಮುದ್ರಣ ಬಂದ ಮೇಲೆ ಸತ್ಯವಾಗಲಿ ತಪ್ಪಾಗಲಿ ಒಂದೇ ಮುಂಜಾವಿನಲ್ಲಿ ಸಾವಿರ ಮನೆಗಳನ್ನು ಸೇರತೊಡಗಿತು.

ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದಿತು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಅದು ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ಪಾಕ್ಷಿಕ. ಕ್ರಮೇಣ ಸೀಸದ ಮೊಳೆಗಳು ಪತ್ರಿಕಾಲಯಗಳಲ್ಲಿ ನೆಲೆಗೊಂಡವು. ಮೊಳೆ ಜೋಡಿಸುವವನು ಕನ್ನಡಿಯಲ್ಲಿ ಕಂಡಂತೆ ತಿರುವಾದ ಅಕ್ಷರಗಳನ್ನು ಒಂದೊಂದಾಗಿ ಆಯ್ದು ಸಾಲುಗೂಡಿಸುತ್ತಿದ್ದನು. ಕರಡಚ್ಚು ತೆಗೆದು, ತಿದ್ದಿ, ಮತ್ತೆ ಅಚ್ಚು ಹಾಕಿದ ಬಳಿಕವೇ ಪುಟ ಯಂತ್ರಕ್ಕೇರುತ್ತಿತ್ತು. ಆ ವಿಳಂಬದಲ್ಲಿ ವಿವೇಕಕ್ಕೆ ಸ್ವಲ್ಪ ಅವಕಾಶವಿತ್ತು.

ನಮ್ಮ ಸಮಾಜವು ಮುದ್ರಣವನ್ನು ಕೂಡಲೇ ಸ್ವಾಗತಿಸಲಿಲ್ಲ. ಆಗಮಗ್ರಂಥಗಳನ್ನು ಅಚ್ಚು ಮಾಡಿಸಕೂಡದೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅನೇಕ ದಿಗಂಬರ ಶ್ರಾವಕರು ಹಟ ಹಿಡಿದಿದ್ದರು. ಅದನ್ನು ಕೇವಲ ಮೂಢತೆಯೆಂದು ನಗುವುದು ಸರಿಯಲ್ಲ. ಅಂದಿನ ಮಸಿಯ ಉರುಳೆಗಳನ್ನು ಪ್ರಾಣಿಗಳ ಚರ್ಮ, ಎಲುಬುಗಳನ್ನು ಕುದಿಸಿ ತೆಗೆದ ಅಂಟಿಗೆ ಕಾಕಂಬಿ ಬೆರೆಸಿ ಎರಕ ಹೊಯ್ಯುತ್ತಿದ್ದರು. ಅಹಿಂಸೆಯನ್ನು ಸಾರುವ ವಚನದ ಮೇಲೆ ಅಂಥ ಉರುಳೆ ಹಾಯುವುದನ್ನು ಸಹಿಸದ ಮನಸ್ಸು ಧರ್ಮದ ಮನಸ್ಸೇ ಆಗಿತ್ತು. ಆದರೆ ಗೆದ್ದಲು, ತೇವ, ಕಾಲ ಇವು ಓಲೆಗರಿಗಳನ್ನು ತಿನ್ನುತ್ತಿರುವಾಗ ಶ್ರುತವನ್ನು ಮುಚ್ಚಿಡುವುದು ಅದನ್ನು ಕಳೆದುಕೊಳ್ಳುವುದೇ ಆಗುತ್ತದೆ ಎಂಬ ಇನ್ನೊಂದು ಮಾತೂ ಅಷ್ಟೇ ನಿಜವಾಗಿತ್ತು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದಿದ್ದ ಧವಲಾ ಟೀಕೆಯ ಮೊದಲ ಸಂಪುಟವು 1939ರಲ್ಲಿ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾಯಿತು. ಮುಂದೆ ಅದು ಹದಿನಾರು ಸಂಪುಟಗಳಾಗಿ ಬೆಳೆಯಿತು. ನಮ್ಮ ಭೋಜದ ಆಚಾರ್ಯ ಶಾಂತಿಸಾಗರರು ಆ ಶ್ರುತ ಶಾಶ್ವತವಾಗಿ ಉಳಿಯಲೆಂದು ಅದನ್ನು ತಾಮ್ರಪಟಗಳಲ್ಲಿ ಕೊರೆಯಿಸಲು ಪ್ರೇರಣೆ ನೀಡಿದರು.

ಇದೇ ಭಾಗದ ಸದಲಗಾದಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಬೋಧಿಸುತ್ತ, 1935ರಲ್ಲಿ ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಸಂಪಾದಿಸಿ ಪ್ರಕಟಿಸಿದರು. ಹಲವು ಪ್ರತಿಗಳನ್ನು ಇಟ್ಟುಕೊಂಡು ಹೋಲಿಸುವುದು, ಪಾಠಾಂತರವನ್ನು ಮರೆಮಾಚದೆ ಅಡಿಯಲ್ಲಿ ತೋರಿಸುವುದು, ತನ್ನ ಊಹೆಯನ್ನು ಊಹೆಯೆಂದೇ ಹೇಳುವುದು ಅವರ ಪದ್ಧತಿ. ಪತ್ರಿಕೆಗೆ ಬರೆಯುವವರಿಗೆ ಇದಕ್ಕಿಂತ ಉತ್ತಮ ಪಾಠ ಬೇಕಿಲ್ಲ.

1899ರಲ್ಲಿ ನಿಪ್ಪಾಣಿಯ ಬಳಿಯ ಸ್ತವನಿಧಿಯಲ್ಲಿ ಸ್ಥಾಪನೆಯಾದ ಜೈನ ಸಭೆಯು ತನ್ನದೇ ಮುಖಪತ್ರದ ಮೂಲಕ ವಿದ್ಯಾಭ್ಯಾಸ, ವಸತಿಗೃಹ, ಸಮಾಜಸುಧಾರಣೆಗಳ ಮಾತನ್ನು ಮನೆಮನೆಗೆ ತಲುಪಿಸಿತು. ಇಂದು ಅದೇ ಸಭೆ ದಕ್ಷಿಣ ಭಾರತ ಜೈನ ಸಭೆ ಎನಿಸಿದೆ. ಕೃಷ್ಣೆಯ ದಡದ ನಮ್ಮ ಯಡೂರಿನಲ್ಲಿ ಕನ್ನಡ ಪತ್ರಿಕೆಯೂ ಮರಾಠಿ ಪತ್ರಿಕೆಯೂ ಒಂದೇ ಮೇಜಿನ ಮೇಲೆ ಇರುತ್ತಿದ್ದವು. ಗಡಿಯ ಒಂದೇ ಘಟನೆ ಎರಡರಲ್ಲಿ ಎರಡು ರೂಪ ತಾಳುವುದನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. 1967ರಲ್ಲಿ ಮಹಾಜನ ಆಯೋಗದ ವರದಿ ಬಂದಾಗಲೂ ಹಾಗೆಯೇ ಆಯಿತೆಂದು ಹಿರಿಯರು ಹೇಳುತ್ತಿದ್ದರು. ಅನೇಕಾಂತವೆಂದರೆ ಎಲ್ಲ ವರದಿಗಳೂ ನಿಜವೆಂದಲ್ಲ. ಯಾವ ನಿಲುವಿನಿಂದ ನೋಡಿ ಹೇಳಿದೆ ಎಂಬುದನ್ನು ಪ್ರಾಮಾಣಿಕವಾಗಿ ತಿಳಿಸಬೇಕೆಂದು ಅದರ ಅರ್ಥ.

ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ತಪ್ಪು ದಾರಿ ತೋರುವುದು, ಏಕಾಂತದ ಸಂಗತಿಯನ್ನು ಬಯಲಿಗೆಳೆಯುವುದು, ಸುಳ್ಳು ಬರಹ ಮಾಡುವುದು, ಇಟ್ಟ ಠೇವಣಿಯನ್ನು ಮುಳುಗಿಸುವುದು, ಮುಖಭಾವದಿಂದ ಗುಟ್ಟನ್ನು ಊಹಿಸಿ ಹೊರಹಾಕುವುದು. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ ಹೇಳಿದ ಈ ಪಟ್ಟಿ ಪತ್ರಕರ್ತನ ಮೇಜಿನ ಮೇಲೆ ಇರತಕ್ಕದ್ದು. ಅಷ್ಟೇ ಅಲ್ಲ, ಅಸತ್ಯದ ಮೂಲ ಪ್ರಮಾದವೆಂದು ನಮ್ಮ ಆಚಾರ್ಯರು ತಿಳಿಸಿದ್ದಾರೆ. ಬೇಕೆಂದು ಸುಳ್ಳಾಡದಿದ್ದರೂ ವಿಚಾರಿಸದೆ ಆಡಿದ ಮಾತಿಗೆ ದೋಷ ತಪ್ಪುವುದಿಲ್ಲ.

ನಮ್ಮ ಕಡೆಯ ಒಂದು ಬಸದಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರನ್ನು ನಾನು ಬಲ್ಲೆ. ಅವರ ಲೆಕ್ಕದಲ್ಲಿ ಹಣ ಕಡಿಮೆ ಬಿದ್ದಿದೆಯೆಂದು ಪತ್ರಿಕೆಯೊಂದು ಅವರನ್ನು ಕೇಳದೆಯೇ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿತು. ಲೆಕ್ಕ ತಪಾಸಣೆಯಾಗಿ ಒಂದು ರೂಪಾಯಿಯೂ ಹೆಚ್ಚುಕಡಿಮೆಯಿಲ್ಲವೆಂದು ತಿಳಿದ ಮೇಲೆ ಒಳಪುಟದ ಮೂಲೆಯಲ್ಲಿ ಮೂರು ಸಾಲಿನ ತಿದ್ದುಪಡಿ ಬಂದಿತು. ಅಷ್ಟರಲ್ಲಿ ಅವರ ಮಗಳಿಗೆ ಬಂದಿದ್ದ ಸಂಬಂಧ ಹಿಂದಕ್ಕೆ ಹೋಗಿತ್ತು. ಆ ತಿದ್ದುಪಡಿಯನ್ನು ಕತ್ತರಿಸಿ ಇಟ್ಟುಕೊಂಡಿರಾ ಎಂದು ಒಮ್ಮೆ ಕೇಳಿದೆ. "ಅದನ್ನ ತೋರಸ್ಬೇಕಂದ್ರ ಮೊದಲ ಆ ಆರೋಪ ಹೇಳ್ಬೇಕಲ್ಲೋ ತಮ್ಮಾ. ಗೊತ್ತಿಲ್ಲದವ್ರಿಗೂ ನಾನಽ ಗೊತ್ತ ಮಾಡ್ಲೇನು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಹಾಗೆಂದು ಬಸದಿಯ ಹಣದ ವಿಷಯದಲ್ಲಿ ಎಲ್ಲರೂ ಸುಮ್ಮನಿರಬೇಕೆಂದು ಈ ಪ್ರಸಂಗದ ಅರ್ಥವಲ್ಲ. ದೇವದ್ರವ್ಯವೆಂದರೆ ಸಮಾಜ ನಂಬಿ ಇಟ್ಟ ನ್ಯಾಸ. ಅದನ್ನು ಅಪಹರಿಸಿದವನನ್ನು ಮರೆಮಾಡುವ ಮೌನವೂ ಅತಿಚಾರಕ್ಕೆ ಸಹಾಯವೇ. ಬರೆಯಬೇಕಾದುದನ್ನು ಬರೆಯಲೇಬೇಕು; ಆದರೆ ದಾಖಲೆಯನ್ನು ನೋಡಿ, ಆರೋಪಕ್ಕೆ ಗುರಿಯಾದವರ ಮಾತನ್ನೂ ಕೇಳಿ, ಆ ಬಳಿಕ ಬರೆಯಬೇಕು.

ಈಗ ಮೊಳೆಗಳು ಹೋದವು, ಪ್ರಾಣಿಜನ್ಯ ಅಂಟಿನ ಉರುಳೆಗಳೂ ಹೋದವು. ಕೈಯಲ್ಲಿ ಮೊಬೈಲ್ ಹಿಡಿದ ಪ್ರತಿಯೊಬ್ಬ ಶ್ರಾವಕನೂ ಇಂದು ಮುದ್ರಕನೇ, ಪ್ರಕಾಶಕನೇ. ಯಂತ್ರದ ಹಿಂಸೆ ತಪ್ಪಿತೆಂದು ನೆಮ್ಮದಿಪಡುವ ನಾವು, ಬೆರಳಿನಿಂದ ಆಗುವ ಹಿಂಸೆಯನ್ನು ಗಮನಿಸುತ್ತಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಬಂದಾಗ ನೀರಿಗಿಂತ ಮುಂಚೆ ವದಂತಿಗಳು ಮನೆಗಳನ್ನು ಹೊಕ್ಕಿದ್ದವು. ಮುದುಕರು, ಬಾಣಂತಿಯರು ಇದ್ದ ಮನೆಗಳಲ್ಲಿ ಒಂದು ಸುಳ್ಳು ಸುದ್ದಿ ಎಷ್ಟು ಸಂಕಟ ತರಬಲ್ಲದೆಂಬುದನ್ನು ನದೀತೀರದವರು ಬಲ್ಲರು.

ಆದುದರಿಂದ ನಮ್ಮ ಬಸದಿಗಳ ಟ್ರಸ್ಟುಗಳು ತಮ್ಮ ವಾರ್ತಾಪತ್ರಗಳಿಗೂ ವಾರ್ಷಿಕ ವರದಿಗಳಿಗೂ ಎರಡು ನಿಯಮಗಳನ್ನು ಹಾಕಿಕೊಳ್ಳಲಿ. ಯಾರ ಹೆಸರಿಗೆ ಕುಂದು ಬರುವುದೋ ಅವರನ್ನು ಕೇಳದೆ ಒಂದಕ್ಷರವೂ ಅಚ್ಚಾಗಬಾರದು. ತಪ್ಪು ಬಿದ್ದರೆ ತಿದ್ದೋಲೆಯು ತಪ್ಪು ಬಿದ್ದ ಪುಟದಲ್ಲಿಯೇ, ಅದೇ ಗಾತ್ರದ ಅಕ್ಷರಗಳಲ್ಲಿಯೇ ಬರಬೇಕು. ಅತ್ತಿಮಬ್ಬೆ ಸಾವಿರ ಪ್ರತಿ ಬರೆಯಿಸಿದ್ದು ಆ ವಚನವು ಹರಡಲು ಯೋಗ್ಯವೆಂದು ತಿಳಿದ ಮೇಲೆ. ನಾವು ಹರಡುವ ಪ್ರತಿಯೊಂದು ಮಾತಿಗೂ ಆ ಯೋಗ್ಯತೆ ಇದೆಯೇ ಎಂದು ಕ್ಷಣಕಾಲ ನಿಂತು ನೋಡುವುದು ಗೃಹಸ್ಥನಿಗೆ ಅಸಾಧ್ಯವಾದ ವ್ರತವೇನಲ್ಲ.