ತಾನಾಗಿ ಏಳುವ ಸರ್ವರ್, ಸುಮ್ಮನಿರುವ ಅಜ್ಜಿ



ನಾವು ಮೂವರು ಮೊಮ್ಮಕ್ಕಳು. ಇಬ್ಬರು ಪುಣೆಯಲ್ಲಿ, ಒಬ್ಬರು ಸಾಂಗ್ಲಿಯಲ್ಲಿ ದುಡಿಯುತ್ತೇವೆ. ಜತ್ತ ತಾಲೂಕಿನ ಬಿಳೂರದ ಮನೆಯಲ್ಲಿ ಅಜ್ಜಿ, ಕಾಕಾ ಇದ್ದಾರೆ. ಅಜ್ಜ ತೀರಿಕೊಂಡ ಮೇಲೆ ಹಳೆಯ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದೆವು. ಜೋಳದ ರಾಶಿ ಮಾಡುವಾಗ ಅಜ್ಜ ಹೇಳುತ್ತಿದ್ದ ಹಂತಿ ಪದಗಳು, ಅತ್ತೆಯ ಮದುವೆಯ ವಿಡಿಯೋ, ಎಲ್ಲವೂ ಒಂದು ಹಾರ್ಡ್‌ಡಿಸ್ಕಿನಲ್ಲಿವೆ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಜೆಲ್ಲಿಫಿನ್ ನಡೆಸಿ, ಅವು ಅಜ್ಜಿಯ ಟೀವಿಯಲ್ಲಿ ಬರುವಂತೆ ಮಾಡಿದೆವು. ಜೆಲ್ಲಿಫಿನ್ ಉಚಿತ, ಮುಕ್ತ ತಂತ್ರಾಂಶ. 2018ರ ಡಿಸೆಂಬರಿನಲ್ಲಿ ಎಂಬಿ ಎಂಬ ತಂತ್ರಾಂಶದಿಂದ ಕವಲೊಡೆದದ್ದು.

ಸಂಜೆ ಅಜ್ಜನ ದನಿ ಕೇಳುವುದು ಅಜ್ಜಿಗೆ ರೂಢಿಯಾಯಿತು. ಅದು ಬರದ ದಿನ ಅಜ್ಜಿ ಯಾರಿಗೂ ಹೇಳುತ್ತಿರಲಿಲ್ಲ. “ಹುಡುಗರಿಗೆ ಯಾಕ ತ್ರಾಸ ಕೊಡೂದು” ಎಂದು ಸುಮ್ಮನಿರುತ್ತಿದ್ದರು. ಕಾಕಾಗೆ ಕಂಪ್ಯೂಟರ್ ಗೊತ್ತಿಲ್ಲ. ಆದ್ದರಿಂದ ಬಿದ್ದದ್ದು ತಾನೇ ಏಳಬೇಕಿತ್ತು.

ಲಿನಕ್ಸ್‌ನಲ್ಲಿ ಸೇವೆಗಳನ್ನು ನೋಡಿಕೊಳ್ಳುವುದು ಸಿಸ್ಟಮ್‌ಡಿ. ‘ರಿಸ್ಟಾರ್ಟ್’ ಎಂಬಲ್ಲಿ ‘ಆನ್-ಫೇಲ್ಯೂರ್’ ಎಂದಿದ್ದರೆ, ಸೇವೆ ಕೆಟ್ಟು ನಿಂತಾಗ ಅದು ಮತ್ತೆ ಶುರುಮಾಡುತ್ತದೆ. ನಾವಾಗಿ ನಿಲ್ಲಿಸಿದರೆ ಮುಟ್ಟುವುದಿಲ್ಲ. ಹಾಗೆಂದು ಕೊನೆಯಿಲ್ಲದೆ ಎಬ್ಬಿಸುತ್ತಲೂ ಇರುವುದಿಲ್ಲ. ಸಾಮಾನ್ಯವಾಗಿ 10 ಸೆಕೆಂಡಿನೊಳಗೆ 5 ಸಲ ಶುರುಮಾಡಿಯೂ ನಿಲ್ಲದಿದ್ದರೆ ಕೈಬಿಡುತ್ತದೆ.

ನಮ್ಮ ಮನೆಯ ತೊಂದರೆ ಬೇರೆ ಇತ್ತು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತದೆ. ಹಾರ್ಡ್‌ಡಿಸ್ಕಿಗೆ ಮಾತ್ರ ಬೇರೆ ಅಡಾಪ್ಟರ್, ಅದು ಆರಿಹೋಗುತ್ತದೆ. ಜೆಲ್ಲಿಫಿನ್ ಸತ್ತಿಲ್ಲ, ಹಾಡಿನ ಪಟ್ಟಿಯೂ ಕಾಣುತ್ತದೆ, ಒತ್ತಿದರೆ ಹಾಡು ಬರುವುದಿಲ್ಲ. ಸಿಸ್ಟಮ್‌ಡಿಯ ಲೆಕ್ಕದಲ್ಲಿ ಎಲ್ಲ ಸರಿಯಿದೆ!

ಅದಕ್ಕೆ 5 ನಿಮಿಷಕ್ಕೊಮ್ಮೆ ಓಡುವ ಚಿಕ್ಕ ಸ್ಕ್ರಿಪ್ಟ್ ಬರೆದೆವು. ಮೊದಲು ಡಿಸ್ಕ್ ತನ್ನ ಜಾಗದಲ್ಲಿ ಜೋಡಣೆಯಾಗಿದೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ಜೋಡಿಸುತ್ತದೆ. ಕರೆಂಟ್ ಬಂದಾಗ ಡಿಸ್ಕಿನ ಹೆಸರು ಬದಲಾಗಬಹುದು, ಹಾಗಾಗಿ ಅದರ ಬದಲಾಗದ ಗುರುತಿನ ಸಂಖ್ಯೆಯನ್ನೇ ಕೊಟ್ಟಿದ್ದೇವೆ. ಆಮೇಲೆ 8096ನೇ ಪೋರ್ಟಿನಲ್ಲಿ ಜೆಲ್ಲಿಫಿನ್‌ನ ಆರೋಗ್ಯ ವಿಚಾರಿಸುತ್ತದೆ. ಉತ್ತರ ಬರದಿದ್ದರೆ ಮರುಚಾಲನೆ. ಕೊನೆಗೆ ಒಂದು ಹಾಡಿನ ಕಡತವನ್ನು ನಿಜವಾಗಿಯೂ ಓದಿ ನೋಡುತ್ತದೆ. ಮೂರು ಸಲ ಸೋತರೆ ನಮ್ಮ ಫೋನಿಗೆ ಸಂದೇಶ.

ಅದಾದ ಮೇಲೆ ಸಂದೇಶಗಳು ಅಪರೂಪವಾದವು. ಒಮ್ಮೆ ದಾಖಲೆ ನೋಡುವಾಗ ಕಂಡದ್ದು: ಸರ್ವರ್ ಒಂದು ದಿನವೂ ನಿಂತಿಲ್ಲ, ಆದರೆ ಒಂಬತ್ತು ದಿನಗಳಿಂದ ಯಾರೂ ಏನೂ ಕೇಳಿಲ್ಲ. ಫೋನ್ ಮಾಡಿದೆವು. “ಅಕ್ಷರ ಮಬ್ಬ ಕಾಣತಾವಪ್ಪಾ, ಅಜ್ಜನ ಹಾಡ ಯಾವದು ಅಂತ ತಿಳಿಯೂದಿಲ್ಲ” ಎಂದರು ಅಜ್ಜಿ. ಕಣ್ಣಿಗೆ ಪೊರೆ ಬಂದಿತ್ತು. ಸಾಂಗ್ಲಿಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದೆವು.

ಸ್ಕ್ರಿಪ್ಟಿಗೆ ಈಗ ಇನ್ನೊಂದು ಸಾಲು ಸೇರಿದೆ: ಎರಡು ದಿನ ಯಾರೂ ಏನೂ ಕೇಳದಿದ್ದರೆ ನಮಗೆ ತಿಳಿಸು. ಆಗ ಯಾವುದನ್ನೂ ಮರುಚಾಲನೆ ಮಾಡುವುದಿಲ್ಲ, ಮೂವರಲ್ಲಿ ಒಬ್ಬರು ಫೋನ್ ಮಾಡುತ್ತೇವೆ. ನಿಮ್ಮ ಮನೆಯಲ್ಲೂ ಹಿರಿಯರಿಗಾಗಿ ಇಂಥದ್ದೇನಾದರೂ ನಡೆಯುತ್ತಿದ್ದರೆ, ಯಂತ್ರ ನಡೆಯುತ್ತಿದೆಯೇ ಎಂಬುದರ ಜೊತೆಗೆ ಅವರು ಬಳಸುತ್ತಿದ್ದಾರೆಯೇ ಎಂದೂ ನೋಡಿ.