ಕೆಂಡದ ಮೇಲೆ ಕೋಳಿ, ತಟ್ಟೆಯಲ್ಲಿ ಪುಟ್ಟ ರೊಟ್ಟಿ

ಬೀದರ್ ಕಡೆ ಬಿಳಿಜೋಳದ ರೊಟ್ಟಿ ಇಲ್ಲದ ತಟ್ಟೆಯನ್ನು ಹಿರಿಯರು ಊಟವೆಂದು ಒಪ್ಪುವುದಿಲ್ಲ. ಎಷ್ಟೇ ಪಲ್ಯ, ಕಾಳು, ಹಿಂಡಿ ಬಡಿಸಿ, ರೊಟ್ಟಿ ಬಾರದಿದ್ದರೆ ‘ಊಟ ಇನ್ನೂ ಆಗಿಲ್ರಿ’ ಎನ್ನುತ್ತಾರೆ. ನಾನೂ ಆ ನೆಲದವನೇ. ಹುಟ್ಟಿದ್ದು ಔರಾದ್ ತಾಲ್ಲೂಕಿನಲ್ಲಿ; ನೌಕರಿಗೆಂದು ಮೈಸೂರು ಸೇರಿ 35 ವರ್ಷವಾದರೂ ರಾತ್ರಿ ಮೂರು ರೊಟ್ಟಿ ತಪ್ಪಿಸಿದವನಲ್ಲ.

ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಬಂತು. ವೈದ್ಯರು ಲೆಕ್ಕ ಬಿಡಿಸಿ ಹೇಳಿದರು. 50 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 34 ಗ್ರಾಂ ಪಿಷ್ಟ ಇರುತ್ತದೆ. ಪಿಷ್ಟ ಹೊಟ್ಟೆಯಲ್ಲಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಮೂರು ರೊಟ್ಟಿ ಎಂದರೆ ನೂರು ಗ್ರಾಂ! ಕೋಳಿಮಾಂಸದಲ್ಲಿ ಪಿಷ್ಟ ಇಲ್ಲವೆಂದೇ ಹೇಳಬೇಕು. ಬೆಂದ 100 ಗ್ರಾಂ ಮಾಂಸದಲ್ಲಿ ಸುಮಾರು 25 ಗ್ರಾಂ ಪ್ರೋಟೀನು ಸಿಗುತ್ತದೆ. ‘ರೊಟ್ಟಿ, ಅನ್ನ ಇಳಿಸಿ, ಸೊಪ್ಪು, ತರಕಾರಿ, ಮೊಟ್ಟೆ, ಕೋಳಿ ಏರಿಸಿ’ ಎಂದರು.

ಅಂದಿನಿಂದ ನನ್ನ ತಟ್ಟೆ ಬೇರೆ, ಮನೆಯವರ ತಟ್ಟೆ ಬೇರೆ. ಎಲ್ಲರಿಗಿಂತ ಅರ್ಧ ಗಂಟೆ ಮೊದಲೇ ಉಂಡು ಎದ್ದುಬಿಡುತ್ತಿದ್ದೆ. ಊರಿಗೆ ಹೋಗುವುದನ್ನೂ ನಿಲ್ಲಿಸಿದೆ. ತಂಗಿಯ ಮನೆಯಲ್ಲಿ ಕುಳಿತು ‘ರೊಟ್ಟಿ ಬೇಡ’ ಎನ್ನುವುದು ಹೇಗೆ? ಈ ಸಲ ದಸರಾ ರಜೆಯಲ್ಲಿ ಏಳನೇ ತರಗತಿಯ ಮೊಮ್ಮಗಳು ಬಿಡಲಿಲ್ಲ. ‘ಮುತ್ಯಾ, ನಿನ್ನೂರು ತೋರಿಸು. ನಿನ್ನ ಊಟದ ಜವಾಬ್ದಾರಿ ನನ್ನದು’ ಎಂದಳು. ಬೀದರ್, ಭಾಲ್ಕಿ, ಔರಾದ್ ಎಂದು ಮೂರು ದಿನದ ಪ್ರವಾಸ ನಿಶ್ಚಯವಾಯಿತು.

ಬೀದರ್: ಅರಮನೆಯ ಅಡುಗೆಮನೆ

ಬೀದರ್ ಕೆಂಪು ಕಲ್ಲಿನ ಎತ್ತರದ ಬಯಲಿನಲ್ಲಿ ಕೂತ ಊರು. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದರು. ಕೋಟೆಯೊಳಗೆ ರಂಗೀನ್ ಮಹಲಿನಷ್ಟು ಹೆಸರಾಗದ ಒಂದು ಕಟ್ಟಡವಿದೆ: ಶಾಹಿ ಮತ್ಬಖ್, ಎಂದರೆ ಅರಮನೆಯ ಅಡುಗೆಮನೆ. ಪಕ್ಕದಲ್ಲೇ ರಾಜರ ಸ್ನಾನಗೃಹ.

‘ಇಲ್ಲೂ ಚಿಕನ್ ಕಬಾಬ್ ಮಾಡುತ್ತಿದ್ದರಾ?’ ಎಂದು ಮೊಮ್ಮಗಳು ಕೇಳಿದಳು. ‘ಅಂದಿನ ಅಡುಗೆಯ ಪಟ್ಟಿ ನನ್ನ ಹತ್ತಿರ ಇಲ್ಲವಲ್ಲ! ಆದರೆ ಒಂದಂತೂ ನಿಜ, ಮೆಣಸಿನಕಾಯಿ ಇರಲಿಲ್ಲ’ ಎಂದೆ. ಅವಳಿಗೆ ಆಶ್ಚರ್ಯ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ವಾಸ್ಕೋ ಡ ಗಾಮ ಕೇರಳದ ತೀರಕ್ಕೆ ಬಂದದ್ದು 1498ರಲ್ಲಿ. ಪೋರ್ಚುಗೀಸರು ಮೆಣಸಿನಕಾಯಿ ತಂದದ್ದು ಆಮೇಲೆ. ಮಹಮೂದ್ ಗವಾನ್ ಇಲ್ಲಿ ತನ್ನ ದೊಡ್ಡ ಮದರಸಾ ಕಟ್ಟಿಸಿದ್ದು 1472ರಲ್ಲಿ. ಆ ಕಾಲದ ಅಡುಗೆಗೆ ಖಾರ ಕೊಡುತ್ತಿದ್ದದ್ದು ಕರಿಮೆಣಸು, ಶುಂಠಿ.

ಸಂಜೆ ಹಳೆ ಊರಿನಲ್ಲಿ ಚೌಬಾರಾದ ಕಡೆ ನಡೆದೆವು. ಇದ್ದಿಲಿನ ಹೊಗೆ ಎದುರಿಗೇ ಬಂತು. ಒಂದು ಗಾಡಿಯ ಮುಂದೆ ನಿಂತು ಕೆಲಸ ನೋಡಿದೆವು. ಮುದುಕ ಉಸ್ತಾದ್ ಜಾಲರಿಯ ಮೇಲೆ ಬರೀ ಕೋಳಿ ತೊಡೆ ಇಟ್ಟಿದ್ದರು. ‘ಎದೆ ಭಾಗ ಯಾಕಿಲ್ಲ ಚಾಚಾ?’ ಎಂದು ಮೊಮ್ಮಗಳು ಕೇಳಿದಳು. ‘ಎದಿ ಮಾಂಸ ಎರಡು ನಿಮಿಷ ತಡ ಆದ್ರ ಕಟ್ಟಿಗಿ ಆಗ್ತದ ಬೇಟಾ. ತೊಡಿ ಮಾಂಸ ಹಂಗಲ್ಲ, ತಡ್ಕೋತದ’ ಎಂದರು.

ಅವರ ಮಾತಿನ ಹಿಂದೆ ವಿಜ್ಞಾನವಿದೆ. ಕೋಳಿ ದಿನವಿಡೀ ಓಡಾಡುವುದು ಕಾಲಿನ ಮೇಲೆ. ದುಡಿಯುವ ಸ್ನಾಯುವಿಗೆ ಆಮ್ಲಜನಕ ಬೇಕು. ಅದನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ವಸ್ತು ತೊಡೆಯಲ್ಲಿ ಹೆಚ್ಚು. ಅದಕ್ಕೇ ಆ ಮಾಂಸದ ಬಣ್ಣ ಗಾಢ. ಕೊಬ್ಬೂ ಸ್ವಲ್ಪ ಹೆಚ್ಚು. ಸ್ನಾಯುಗಳನ್ನು ಬಿಗಿದಿರುವ ಕೊಲಾಜೆನ್ ಎಂಬ ಅಂಟುನಾರು ನಿಧಾನವಾಗಿ ಬಿಸಿಯಾದರೆ ಕರಗಿ ಮೆತ್ತಗಾಗುತ್ತದೆ. ರಸ ಉಳಿಯುವ ಗುಟ್ಟು ಇದೇ.

ಇನ್ನೊಂದನ್ನೂ ಗಮನಿಸಿದೆವು. ಉಸ್ತಾದರ ಸಿಗಡಿಯಲ್ಲಿ ಕೆಂಡ ಒಂದೇ ಬದಿಗೆ ರಾಶಿಯಾಗಿತ್ತು, ಇನ್ನೊಂದು ಬದಿ ಬಹುತೇಕ ಖಾಲಿ. ಮೊದಲು ಕೆಂಡದ ಮೇಲೆ ಎರಡೂ ಮಗ್ಗುಲು ಬಣ್ಣ ಬರಿಸಿ, ಆಮೇಲೆ ತೊಡೆಗಳನ್ನು ಖಾಲಿ ಬದಿಗೆ ಸರಿಸುತ್ತಿದ್ದರು. ಉರಿ ಬಣ್ಣ ಕೊಡುತ್ತದೆ, ಕಾವು ಬೇಯಿಸುತ್ತದೆ.

ಭಾಲ್ಕಿ: ನೆನೆಸಿಡುವ ಪಾಠ

ಮರುದಿನ ರೈಲಿನಲ್ಲಿ ಭಾಲ್ಕಿಗೆ ಹೋದೆವು. ದಾರಿ ಸುಮಾರು 40 ಕಿಲೋಮೀಟರು. ಬೀದರಿನ ಕೆಂಪು ನೆಲ ಕಳೆದು ಕರಿ ಮಣ್ಣು ಶುರುವಾಗುತ್ತದೆ. ಹೊಲದ ತುಂಬ ತೊಗರಿ. ತಂಗಿಯ ಮಗ ಇರುವುದು ಭಾಲ್ಕಿಯಲ್ಲಿ. ನಾಳೆ ಔರಾದಿನಲ್ಲಿ ಕೆಂಡದ ಕೋಳಿ ಎಂದು ಗೊತ್ತಾದದ್ದೇ ತಡ, ‘ಮಾಮಾ, ಮಸಾಲಿ ಇಲ್ಲೇ ಹಚ್ಚಿ ಡಬ್ಬಿ ತುಂಬಿ ಒಯ್ಯೋಣು’ ಎಂದ.

ಒಂದು ಕೆ.ಜಿ. ತೊಡೆಗೆ ನಾವು ಹಾಕಿದ್ದು ಇಷ್ಟು: ಅರ್ಧ ಬಟ್ಟಲು ಗಟ್ಟಿ ಮೊಸರು, 2 ಚಮಚ ಶುಂಠಿ ಬೆಳ್ಳುಳ್ಳಿ ಅರೆದದ್ದು, 2 ಚಮಚ ಖಾರದ ಪುಡಿ, ಒಂದೊಂದು ಚಮಚ ಧನಿಯಾ ಮತ್ತು ಜೀರಿಗೆ ಪುಡಿ, ಚಿಟಿಕೆ ಅರಿಶಿನ, ಉಪ್ಪು, ಒಂದು ನಿಂಬೆಯ ರಸ, 2 ಚಮಚ ಶೇಂಗಾ ಎಣ್ಣೆ. ಮೊಸರಿನ ಹುಳಿ ಮಾಂಸವನ್ನು ಮೆತ್ತಗೆ ಮಾಡುತ್ತದೆ. ಉಪ್ಪು ಒಳಗಿಳಿದು ನೀರಿನಂಶವನ್ನು ಹಿಡಿದಿಡುತ್ತದೆ. ಅಂಗಡಿಯ ಕರಿದ ಕಬಾಬಿಗೆ ಹಾಕುವ ಮೈದಾ, ಕಾರ್ನ್‌ಫ್ಲೋರ್ ನಮಗೆ ಬೇಡ. ಅಲ್ಲಿಂದಲೇ ಪಿಷ್ಟ ಒಳಗೆ ನುಸುಳುತ್ತದೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಐಸ್ ತುಂಬಿದ ಡಬ್ಬಿಯಲ್ಲಿ ಒಯ್ದೆವು.

ಮೊಮ್ಮಗಳ ಚೀಲದಲ್ಲಿ ಇನ್ನೊಂದು ಪೊಟ್ಟಣವಿತ್ತು: ಗ್ಲೂಕೋಸ್. ಅಜ್ಜ ಅಜ್ಜಿಗೆ ಸಕ್ಕರೆ ಕಾಯಿಲೆ ಇರುವ ಮನೆಯ ಮಕ್ಕಳು ಇದನ್ನು ತಿಳಿದಿರಬೇಕು. ಕೆಲವು ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಒಮ್ಮೆಲೇ ರೊಟ್ಟಿ, ಅನ್ನ ಬಿಟ್ಟರೆ ರಕ್ತದ ಸಕ್ಕರೆ ಅತಿಯಾಗಿ ಕುಸಿಯಬಹುದು. 70ಕ್ಕಿಂತ ಕೆಳಗಿಳಿದರೆ ಅಪಾಯ. ಕೈ ನಡುಗುವುದು, ಬೆವರು, ಮಾತು ತೊದಲುವುದು ಅದರ ಗುರುತು. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಕೂಡಲೇ 3 ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಆದ್ದರಿಂದ ರೊಟ್ಟಿ ಎಷ್ಟು ಇಳಿಸಬೇಕು, ಮಾತ್ರೆ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಮಾಂಸದ ಪ್ರಮಾಣವನ್ನೂ ಕೇಳಿಕೊಳ್ಳಬೇಕು.

ಔರಾದ್: ತಂಗಿಯ ಅಂಗಳ

ಭಾಲ್ಕಿಯಿಂದ ಮಾಂಜ್ರಾ ನದಿ ದಾಟಿದರೆ ಔರಾದ್ ಸೀಮೆ. ಕರ್ನಾಟಕದ ನಕ್ಷೆಯಲ್ಲಿ ತುತ್ತತುದಿಗೆ ಬೆರಳಿಟ್ಟರೆ ಸಿಗುವ ತಾಲ್ಲೂಕು ಇದೇ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಸಂತೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಅಮರೇಶ್ವರ ಗುಡಿಗೆ ಕೈಮುಗಿದು ತಂಗಿಯ ಮನೆ ಸೇರಿದೆವು.

ನಾನು ಅಂಜಿದ್ದ ಮಾತು ಬಂದೇ ಬಂತು. ‘ಅಣ್ಣಾ, ಎರಡು ವರ್ಷಕ್ಕ ಬಂದೀದಿ. ಅರ್ಧ ರೊಟ್ಟಿ ಉಣಿಸಿ ಕಳಿಸಿದ್ಳು ಅಂತ ಮಂದಿ ನನಗ ಏನಂದಾರು?’ ತಂಗಿಯ ಕಣ್ಣು ತುಂಬಿತ್ತು. ಉತ್ತರ ನನ್ನ ಬಾಯಿಂದ ಹೊರಡಲಿಲ್ಲ. ಮೊಮ್ಮಗಳೇ ಅವಳ ಪಕ್ಕ ಕುಳಿತು ಗ್ಲೂಕೋಸ್ ಪೊಟ್ಟಣ, ನನ್ನ ಸಕ್ಕರೆ ಬರೆದಿಟ್ಟ ಪುಸ್ತಕ ಎರಡನ್ನೂ ತೋರಿಸಿ ಒಂದೊಂದೇ ವಿವರಿಸಿದಳು. ತಂಗಿ ಸುಮ್ಮನೆ ಕೇಳಿ ಒಳಗೆ ಹೋದಳು.

ನಾವು ಅಂಗಳದಲ್ಲಿ ಎರಡೆರಡು ಇಟ್ಟಿಗೆ ಜೋಡಿಸಿ ಜಾಲರಿ ಇಟ್ಟೆವು. ಇದ್ದಿಲಿನ ಸಿಗಡಿಯನ್ನು ಕೋಣೆಯೊಳಗೆ ಹಚ್ಚಬಾರದು; ಅದರ ವಿಷಗಾಳಿಗೆ ವಾಸನೆಯೂ ಇರುವುದಿಲ್ಲ. ಕೆಂಡದ ಮೇಲೆ ಬೂದಿಯ ತೆಳು ಪದರ ಬಂದ ಮೇಲೆ ತೊಡೆ ಇಟ್ಟೆವು. ಬಣ್ಣ ಬಂದೊಡನೆ ಕಾವು ಕಡಿಮೆ ಇದ್ದ ಬದಿಗೆ ಸರಿಸಿ, ಮೇಲೆ ಪಾತ್ರೆ ಮುಚ್ಚಿದೆವು. ಮೂಳೆ ಇರುವ ತೊಡೆಗೆ ಒಟ್ಟು 35ರಿಂದ 40 ನಿಮಿಷ ಹಿಡಿಯಿತು. ಮಾಂಸದ ನಡುಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ತಿನ್ನಲು ಸುರಕ್ಷಿತ; ತೊಡೆ 80 ದಾಟಿದರೆ ಇನ್ನೂ ಮೃದು. ಅಳಿಯ ತಂದಿದ್ದ ಅಡುಗೆ ಥರ್ಮಾಮೀಟರನ್ನು ಮೂಳೆಗೆ ತಾಗದಂತೆ ಚುಚ್ಚಿ ನೋಡಿದೆವು. ಹಸಿ ಮಾಂಸ ಇಟ್ಟ ತಟ್ಟೆಗೆ ಬೆಂದದ್ದನ್ನು ಹಾಕಲಿಲ್ಲ. ಇಳಿಸಿ ಐದು ನಿಮಿಷ ಹಾಗೇ ಬಿಟ್ಟೆವು. ಆಗಲೇ ಕೊಯ್ದರೆ ರಸವೆಲ್ಲ ತಟ್ಟೆಗೆ ಹರಿಯುತ್ತದೆ. ಮಾಂಸ ತಿನ್ನದ ಪಕ್ಕದ ಮನೆಯವರಿಗೆ ಬೇರೆ ಜಾಲರಿಯಲ್ಲಿ ಪನೀರು ಸುಟ್ಟೆವು. ಅದರಲ್ಲೂ ಪಿಷ್ಟ ಕಡಿಮೆ.

ತಂಗಿ ಬುಟ್ಟಿ ಹಿಡಿದು ಹೊರಗೆ ಬಂದಳು. ಅದರೊಳಗೆ ಅಂಗೈಯಗಲದ ಪುಟ್ಟಪುಟ್ಟ ರೊಟ್ಟಿಗಳು! ಎಲ್ಲರಿಗೂ ಒಂದೇ ಅಳತೆಯವನ್ನು ಬಡಿದಿದ್ದಳು. ‘ಅರ್ಧ ಮುರ್ದು ಯಾರಿಗೂ ಹಾಕಂಗಿಲ್ಲ. ನಿನಗ ಒಂದು, ಇಡೀ ರೊಟ್ಟಿ’ ಎಂದಳು. ಜೊತೆಗೆ ಪುಂಡಿಪಲ್ಯ, ಹಸಿ ಮೆಂತ್ಯೆಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ, ಒಂದಿಷ್ಟು ಶೇಂಗಾ ಹಿಂಡಿ. ತಟ್ಟೆಯ ಅರ್ಧ ಸೊಪ್ಪು ತರಕಾರಿ, ಕಾಲು ಭಾಗ ಕೋಳಿ, ಉಳಿದ ಕಾಲು ರೊಟ್ಟಿಯದು.

ಎರಡು ವರ್ಷದ ನಂತರ ಎಲ್ಲರ ಸಾಲಿನಲ್ಲಿ ಕುಳಿತು, ಎಲ್ಲರ ಜೊತೆಗೇ ಶುರುಮಾಡಿ, ಎಲ್ಲರ ಜೊತೆಗೇ ಕೈ ತೊಳೆದೆ. ಎರಡು ಗಂಟೆ ಕಳೆದು ಮೊಮ್ಮಗಳು ನನ್ನ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ಅಂಕಿ ವೈದ್ಯರು ಹಾಕಿಕೊಟ್ಟ ಗೆರೆಯ ಒಳಗೇ ಇತ್ತು. ಪುಸ್ತಕದಲ್ಲಿ ಬರೆದುಕೊಂಡು, ತಂಗಿಗೂ ಓದಿ ಹೇಳಿದಳು.

ಬೀದರ್ ಕಡೆ ಹೋದರೆ ಕೋಟೆ ನೋಡಿ, ಮದರಸಾ ನೋಡಿ, ಮಾಂಜ್ರಾ ದಾಟಿ ಔರಾದಿಗೂ ಹೋಗಿಬನ್ನಿ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಅವರ ತಟ್ಟೆಯನ್ನು ಬೇರೆ ಮಾಡಬೇಡಿ. ಎಲ್ಲರ ರೊಟ್ಟಿಯನ್ನೂ ಸ್ವಲ್ಪ ಸಣ್ಣದು ಮಾಡಿ.